ತೈಲದಾಚೆಗಿನ ಆಟ

2023ರ ಮಾರ್ಚ್ 4ರಂದು ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಕಾದು ಸಿಕ್ಕ ಗೆಲುವು ಅದು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿತ್ತು. ಆದರೆ ಪಂದ್ಯ ನಡೆದದ್ದು ಬೆಂಗಳೂರಿನಲ್ಲಲ್ಲ, ಕೋಲ್ಕತ್ತದಲ್ಲೂ ಅಲ್ಲ. ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. 1941ರಲ್ಲಿ ಶುರುವಾದ ಈ ಟೂರ್ನಿಯ ಕೊನೆಯ ಪಂದ್ಯಗಳು ದೇಶದ ಗಡಿ ದಾಟಿದ್ದು ಅದೇ ಮೊದಲು. ಮರುವರ್ಷದ ನವೆಂಬರ್‌ನಲ್ಲಿ ಐಪಿಎಲ್ ಆಟಗಾರರ ಹರಾಜೂ ಅದೇ ದೇಶದ ಜೆದ್ದಾ ನಗರದಲ್ಲಿ ನಡೆಯಿತು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರನ್ನು ಡೆಲ್ಲಿ ತಂಡ 14 ಕೋಟಿ ರೂಪಾಯಿಗೆ ಕೊಂಡದ್ದು ಕೆಂಪು ಸಮುದ್ರದ ದಂಡೆಯ ಆ ಊರಿನಲ್ಲಿ.

ಬಂಗಾಳದಲ್ಲಿ ಹುಟ್ಟಿದ ಟ್ರೋಫಿಯೊಂದನ್ನು, ಮುಂಬೈಯಿಂದ ನಡೆಯುವ ಲೀಗಿನ ಹರಾಜೊಂದನ್ನು ಈ ದೇಶ ತನ್ನ ಮನೆಗೆ ಕರೆಸಿಕೊಂಡದ್ದೇಕೆ? ಎಣ್ಣೆ ಮಾರಿ ಬೊಕ್ಕಸ ತುಂಬಿಸಿಕೊಂಡ ನಾಡು ಚೆಂಡಿನ ಹಿಂದೆ, ಸಿನಿಮಾದ ಹಿಂದೆ, ಎರಡು ಸಾವಿರ ವರ್ಷ ಹಳೆಯ ಗೋರಿಗಳ ಹಿಂದೆ ಏಕೆ ಹೊರಟಿದೆ? ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುವುದು ಆ ದೇಶದ ಸಂಬಳದಿಂದ. ಅಲ್ಲಿ ಏನು ಬದಲಾಗುತ್ತಿದೆ ಎಂಬುದು ನಮಗೆ ದೂರದ ಸುದ್ದಿಯಲ್ಲ.

ಒಂದೇ ಆದಾಯವನ್ನು ನಂಬಿ ಕೂತರೆ ಏನಾಗುತ್ತದೆ ಎಂಬ ಪಾಠ ಕೊಲ್ಲಿಯ ದೇಶಗಳಿಗೆ ಹೊಸದಲ್ಲ. ತೈಲ ಸಿಗುವುದಕ್ಕೆ ಮೊದಲು ಬಹರೈನ್, ಕತಾರ್, ಕುವೈತ್‌ನ ಕರಾವಳಿ ಬದುಕಿದ್ದು ಮುತ್ತಿನಿಂದ. ಉಸಿರು ಬಿಗಿಹಿಡಿದು ಕಡಲಾಳಕ್ಕೆ ಇಳಿದವರು ತಂದ ಮುತ್ತು ಮುಂಬೈ ಪೇಟೆಗೆ ಬಂದು, ಅಲ್ಲಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. ನಂಟು ಎಷ್ಟು ಗಾಢವಾಗಿತ್ತೆಂದರೆ ಆ ಊರುಗಳಲ್ಲಿ ಚಲಾವಣೆಯಲ್ಲಿದ್ದ ಹಣ ನಮ್ಮ ರೂಪಾಯಿಯೇ; 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತ್ತು. ಜಪಾನಿನವರು ಮುತ್ತನ್ನು ಸಾಕಿ ಬೆಳೆಸುವ ವಿದ್ಯೆ ಕಲಿತರು, ಜೊತೆಗೆ 1930ರ ದಶಕದ ಜಾಗತಿಕ ಮುಗ್ಗಟ್ಟು ಬಂತು. ಕೆಲವೇ ವರ್ಷಗಳಲ್ಲಿ ಮುತ್ತಿನ ಕಸುಬು ನೆಲಕಚ್ಚಿತು.

ಸೌದಿಯ ಕಥೆಯೂ ಅದೇ ಜಾಡಿನದು. ಅಲ್ಲಿನ ಹಳೆಯ ವರಮಾನ ಮೆಕ್ಕಾ, ಮದೀನಾ ಯಾತ್ರಿಕರದು. ಮುಗ್ಗಟ್ಟಿನ ವರ್ಷಗಳಲ್ಲಿ ಹಜ್‌ಗೆ ಬರುವವರ ಸಂಖ್ಯೆ ಕುಸಿದು ಖಜಾನೆ ಬರಿದಾದಾಗಲೇ ದೊರೆ ಇಬ್ನ್ ಸೌದ್ 1933ರಲ್ಲಿ ಅಮೆರಿಕದ ಕಂಪನಿಗೆ ತೈಲ ಹುಡುಕುವ ಹಕ್ಕು ಬರೆದುಕೊಟ್ಟರು. 1938ರ ಮಾರ್ಚ್‌ನಲ್ಲಿ ದಮ್ಮಾಮ್‌ನ 7ನೇ ಬಾವಿ ಚಿಮ್ಮಿತು. ಯಾತ್ರಿಕರಿಂದ ತೈಲದ ಕಡೆಗೆ ಹೊರಳಿದ್ದ ಅದೇ ದೇಶ ಈಗ ಮತ್ತೆ ‘ಬರುವ ಜನ’ರ ಕಡೆ ಮುಖ ಮಾಡಿದೆ.

2014ರ ನಡುವಿನಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಕಚ್ಚಾತೈಲದ ಬೆಲೆ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಿತ್ತು. ಆ ವರ್ಷದ ಏಪ್ರಿಲ್ 25ರಂದು ಮೊಹಮ್ಮದ್ ಬಿನ್ ಸಲ್ಮಾನ್ ‘ವಿಷನ್ 2030’ ಎಂಬ ಯೋಜನೆಯನ್ನು ಮುಂದಿಟ್ಟರು. ಅವರು ಯುವರಾಜರಾದದ್ದು ಅದಾದ ಮರುವರ್ಷ. ಬಂದರು, ಗಣಿ, ಶಸ್ತ್ರಾಸ್ತ್ರ ತಯಾರಿಕೆಯ ಮಾತುಗಳು ಅದರಲ್ಲಿ ಇದ್ದೇ ಇದ್ದವು. ಆದರೆ ನನ್ನ ಗಮನ ಸೆಳೆದದ್ದು ಎರಡು ಸಣ್ಣ ಗುರಿಗಳು. ಸೌದಿ ಮನೆಗಳು ಸಂಸ್ಕೃತಿ, ಮನರಂಜನೆಗಾಗಿ ದೇಶದೊಳಗೆ ಮಾಡುವ ಖರ್ಚನ್ನು ಶೇ 2.9ರಿಂದ ಶೇ 6ಕ್ಕೆ ಏರಿಸುವುದು ಒಂದು. ವಾರಕ್ಕೊಮ್ಮೆಯಾದರೂ ಮೈ ದಣಿಸಿ ಆಡುವವರ ಪ್ರಮಾಣವನ್ನು ಶೇ 13ರಿಂದ ಶೇ 40ಕ್ಕೆ ಒಯ್ಯುವುದು ಇನ್ನೊಂದು. ದೇಶದ ಆರ್ಥಿಕ ಯೋಜನೆಯೊಂದು ಜನ ಎಷ್ಟು ಸಿನಿಮಾ ನೋಡಬೇಕು, ಎಷ್ಟು ಓಡಬೇಕು ಎಂದು ಲೆಕ್ಕ ಬರೆದದ್ದು ವಿಚಿತ್ರ ಅನ್ನಿಸಬಹುದು. ಒಳಹೊಕ್ಕು ನೋಡಿದರೆ ಅದರಲ್ಲಿ ಗಟ್ಟಿ ತರ್ಕವಿದೆ.

ಸೌದಿಯನ್ನೂ ಬಹರೈನನ್ನೂ ಜೋಡಿಸುವ ಸಮುದ್ರ ಸೇತುವೆ 1986ರಲ್ಲಿ ತೆರೆಯಿತು. ಅದರ ಮೇಲೆ ದಶಕಗಳ ಕಾಲ ವಾರಾಂತ್ಯದಲ್ಲಿ ಸೌದಿ ಕುಟುಂಬಗಳ ಕಾರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವರಲ್ಲಿ ಎಷ್ಟೋ ಮಂದಿ ಹೊರಟದ್ದು ಒಂದು ಸಿನಿಮಾ ನೋಡಿಬರಲು. 1979ರಲ್ಲಿ ಮೆಕ್ಕಾದ ಮಸೀದಿಯನ್ನು ಬಂಡುಕೋರರು ಆಕ್ರಮಿಸಿದ ಘಟನೆಯ ಬಳಿಕ ದೇಶ ಬಿಗಿ ಕಟ್ಟಳೆಗಳಿಗೆ ಸರಿದು, ಚಿತ್ರಮಂದಿರಗಳು ಮುಚ್ಚಿದ್ದವು. ಹೈಫಾ ಅಲ್ ಮನ್ಸೂರ್ ರಿಯಾದ್‌ನ ಬೀದಿಗಳಲ್ಲಿ ‘ವಜ್ದಾ’ ಚಿತ್ರೀಕರಿಸಿದಾಗ, ಗಂಡಸರ ನಡುವೆ ನಿಂತು ನಿರ್ದೇಶಿಸುವಂತಿಲ್ಲದ ಕಾರಣ ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ಸೂಚನೆ ಕೊಡಬೇಕಾಯಿತು. 2012ರಲ್ಲಿ ಹೊರಬಂದ ಆ ಚಿತ್ರವನ್ನು ಜಗತ್ತು ನೋಡಿತು. ಅದು ಹುಟ್ಟಿದ ಊರಿನಲ್ಲಿ ತೋರಿಸಲು ಒಂದು ಪರದೆ ಇರಲಿಲ್ಲ.

ಹೀಗೆ ಹೊರಗೆ ಹರಿದುಹೋಗುತ್ತಿದ್ದ ಹಣ ತೈಲದಿಂದಲೇ ಬಂದದ್ದು. ಸಂಬಳವಾಗಿ, ಸಬ್ಸಿಡಿಯಾಗಿ ಜನರ ಕೈ ಸೇರಿ, ಅಲ್ಲಿಂದ ನೇರ ಬಹರೈನಿನ ಮನಾಮಾಕ್ಕೆ, ದುಬೈಗೆ, ಲಂಡನ್ನಿಗೆ ಹೋಗುತ್ತಿತ್ತು. 2018ರ ಏಪ್ರಿಲ್ 18ರಂದು ರಿಯಾದ್‌ನಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದೊಂದಿಗೆ ಚಿತ್ರಮಂದಿರದ ಬಾಗಿಲು ತೆರೆದಾಗ ಆದ ಮೊದಲ ಲಾಭ ಆ ಸೋರಿಕೆ ತಗ್ಗಿದ್ದು. ಎರಡನೆಯದು ಇನ್ನೂ ದೊಡ್ಡದು. ಟಿಕೆಟ್ ಕೊಡುವವರು, ಪ್ರೊಜೆಕ್ಟರ್ ನಡೆಸುವವರು, ಪಾಪ್‌ಕಾರ್ನ್ ಮಾರುವವರು, ಪೋಸ್ಟರ್ ಮಾಡುವವರು, ಲೆಕ್ಕ ಬರೆಯುವವರು ಬೇಕಾದರು. ಸೌದಿಯ ತೈಲ ಕಂಪನಿ ಅರಾಮ್ಕೊ ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು. ಅದು ಕೆಲಸ ಕೊಟ್ಟಿರುವುದು ಸುಮಾರು 70 ಸಾವಿರ ಮಂದಿಗೆ. 2022ರ ಜನಗಣತಿಯ ಪ್ರಕಾರ ಸೌದಿ ನಾಗರಿಕರು 1.88 ಕೋಟಿ, ಅವರಲ್ಲಿ ಶೇ 63ರಷ್ಟು ಜನ 30 ದಾಟದವರು. ತೈಲ ಹಣ ತರುತ್ತದೆ, ಅಷ್ಟು ಕೈಗಳಿಗೆ ಕೆಲಸ ತರುವುದಿಲ್ಲ. ಆಟಕ್ಕೆ, ಹಾಡಿಗೆ, ಪ್ರವಾಸಕ್ಕೆ ಆ ಶಕ್ತಿಯಿದೆ. ಒಂದು ಕ್ರೀಡಾಕೂಟ ಮುಗಿಯುವಷ್ಟರಲ್ಲಿ ಹೋಟೆಲಿನವರು, ಡ್ರೈವರುಗಳು, ಕ್ಯಾಮೆರಾದವರು, ಫಿಸಿಯೋಗಳು, ಅನುವಾದಕರು ಎಲ್ಲರ ಕೈಗೂ ಹಣ ಮುಟ್ಟಿರುತ್ತದೆ.

ಈ ಬದಲಾವಣೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ಹೆಸರಿಸುವುದು ಹೆಣ್ಣುಮಕ್ಕಳ ದುಡಿಮೆಯನ್ನು. ದುಡಿಯುವ ವಲಯದಲ್ಲಿ ಅವರ ಪಾಲು ಶೇ 22ರಷ್ಟಿದೆ, 2030ರ ಹೊತ್ತಿಗೆ ಅದನ್ನು ಶೇ 30ಕ್ಕೆ ಏರಿಸಬೇಕು ಎಂದು ಯೋಜನೆಯಲ್ಲಿ ಬರೆದಿತ್ತು. 2024ರಲ್ಲೇ ಅದು ಶೇ 35 ದಾಟಿತು. ಗುರಿಯನ್ನು ಶೇ 40ಕ್ಕೆ ಎತ್ತರಿಸಬೇಕಾಯಿತು. 2018ರ ಜನವರಿಯಲ್ಲಿ ಹೆಂಗಸರು ಮೊದಲ ಬಾರಿಗೆ ಫುಟ್‌ಬಾಲ್ ಪಂದ್ಯ ನೋಡಲು ಕ್ರೀಡಾಂಗಣಕ್ಕೆ ಬಂದರು, ಜೂನ್‌ನಲ್ಲಿ ಕಾರಿನ ಸ್ಟೀರಿಂಗ್ ಹಿಡಿದರು. 2022ರ ಫೆಬ್ರುವರಿಯಲ್ಲಿ ದೇಶದ ಮಹಿಳಾ ಫುಟ್‌ಬಾಲ್ ತಂಡ ಮಾಲೆಯಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿ ಸೇಶೆಲ್ಸ್ ವಿರುದ್ಧ 2–0ಯಿಂದ ಗೆದ್ದಿತು. ಅರ್ಧದಷ್ಟು ಜನರನ್ನು ಮನೆಯಲ್ಲಿ ಕೂರಿಸಿದ್ದ ದೇಶ ಅವರಿಗೆ ಬಾಗಿಲು ತೆರೆದರೆ ಆರ್ಥಿಕತೆ ಬೆಳೆಯದೆ ಇರುವುದಿಲ್ಲ. ಅದಕ್ಕೆ ರೊನಾಲ್ಡೊನಂಥ ಫುಟ್‌ಬಾಲ್ ತಾರೆ ಬರಬೇಕಾಗಿರಲಿಲ್ಲ.

ಆದರೆ ಇದನ್ನು ಬರೆಯುವಾಗ ಇನ್ನೊಂದು ಸಂಗತಿಯನ್ನು ಬಿಟ್ಟರೆ ಅಪಚಾರವಾದೀತು. ಹೆಂಗಸರಿಗೆ ಕಾರು ಓಡಿಸುವ ಹಕ್ಕು ಬೇಕೆಂದು ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್‌ಲೂಲ್ ಅವರನ್ನು ಬಂಧಿಸಿದ್ದು 2018ರ ಮೇ ತಿಂಗಳಲ್ಲಿ, ಆ ಹಕ್ಕು ಜಾರಿಗೆ ಬರಲು ಕೆಲವೇ ವಾರಗಳಿರುವಾಗ. ಅವರು ಸೆರೆಯಿಂದ ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. 2018ರ ಅಕ್ಟೋಬರ್‌ನಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೆ ಕೊಲೆಯಾದರು. ಕ್ರೀಡೆಯ ಥಳುಕಿನಿಂದ ಇಂಥ ಕಲೆಗಳನ್ನು ತೊಳೆದುಕೊಳ್ಳಲಾಗುತ್ತಿದೆ ಎಂಬ ಆರೋಪ ಪಶ್ಚಿಮದ ಪತ್ರಿಕೆಗಳಲ್ಲಿ ಬಿಡದೆ ಕೇಳಿಬರುತ್ತದೆ. 2023ರಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ ಯುವರಾಜರನ್ನು ಈ ಬಗ್ಗೆಯೇ ಕೇಳಿದಾಗ, ಅದರಿಂದ ದೇಶದ ಉತ್ಪನ್ನ ಶೇ 1ರಷ್ಟು ಹೆಚ್ಚುವುದಾದರೆ ತಾವು ಅದನ್ನು ಮುಂದುವರಿಸುವುದಾಗಿ ಉತ್ತರಿಸಿದರು. ಜನರಿಗೆ ಆಡುವ, ನೋಡುವ ಸ್ವಾತಂತ್ರ್ಯ ಸಿಕ್ಕಿದೆ. ಮಾತಾಡುವ ಸ್ವಾತಂತ್ರ್ಯ ಸಿಕ್ಕಿಲ್ಲ. ಸಂಸ್ಕೃತಿಯನ್ನೇ ಉದ್ಯಮವಾಗಿ ಬೆಳೆಸಬೇಕೆಂದು ಹೊರಟ ದೇಶಕ್ಕೆ ಇದು ನೀತಿಯ ಪ್ರಶ್ನೆ ಮಾತ್ರವಲ್ಲ, ಕಸುಬಿನ ಪ್ರಶ್ನೆ ಕೂಡ. ಅಂಜುವ ಕಥೆಗಾರನಿಂದ ಒಳ್ಳೆಯ ಕಥೆ ಹುಟ್ಟುವುದು ಕಷ್ಟ.

ಕೊಂಡ ತಾರೆ, ಬೆಳೆದ ಆಟಗಾರ

ಫುಟ್‌ಬಾಲ್ ಹುಚ್ಚು ಸೌದಿಗೆ ಹಣ ಕೊಟ್ಟು ತಂದದ್ದಲ್ಲ. ಜೆದ್ದಾದ ಅಲ್ ಇತ್ತಿಹಾದ್ ಕ್ಲಬ್ ಹುಟ್ಟಿದ್ದು 1927ರಲ್ಲಿ, ಆ ದೇಶಕ್ಕೆ ‘ಸೌದಿ ಅರೇಬಿಯಾ’ ಎಂಬ ಹೆಸರು ಬರುವುದಕ್ಕಿಂತ 5 ವರ್ಷ ಮೊದಲು. 1994ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ ಸಯೀದ್ ಅಲ್ ಉವೈರಾನ್ ತಮ್ಮ ಅಂಗಳದ ಅರ್ಧದಿಂದ ಚೆಂಡು ಹೊತ್ತೊಯ್ದು ಹೊಡೆದ ಗೋಲನ್ನು ಇಂದಿಗೂ ಜಗತ್ತು ನೆನೆಯುತ್ತದೆ. 2022ರ ನವೆಂಬರ್ 22ರಂದು ಕತಾರ್‌ನಲ್ಲಿ ಮೆಸ್ಸಿಯ ಅರ್ಜೆಂಟೀನಾವನ್ನು ಸೌದಿ 2–1ರಿಂದ ಸೋಲಿಸಿತು. ಆ ತಂಡದ ಎಲ್ಲ ಆಟಗಾರರೂ ಸ್ವದೇಶದ ಲೀಗಿನಲ್ಲೇ ಆಡುತ್ತಿದ್ದವರು. ಒಂದು ತಿಂಗಳು ಕಳೆದ ಮೇಲೆ, ಡಿಸೆಂಬರ್ ಕೊನೆಯಲ್ಲಿ, ಕ್ರಿಸ್ಟಿಯಾನೊ ರೊನಾಲ್ಡೊ ಅಲ್ ನಸ್ರ್ ಕ್ಲಬ್ ಸೇರಿದ ಸುದ್ದಿ ಬಂತು.

ಆಮೇಲೆ ನಡೆದದ್ದು ದೊಡ್ಡ ಖರೀದಿ. 2023ರ ಜೂನ್‌ನಲ್ಲಿ ಸರ್ಕಾರದ ಹೂಡಿಕೆ ನಿಧಿ ನಾಲ್ಕು ಪ್ರಮುಖ ಕ್ಲಬ್ಬುಗಳಲ್ಲಿ ತಲಾ ಶೇ 75ರ ಪಾಲು ತೆಗೆದುಕೊಂಡಿತು. ಆ ಬೇಸಿಗೆಯಲ್ಲಿ ಲೀಗಿನ ಕ್ಲಬ್ಬುಗಳು ಆಟಗಾರರ ವರ್ಗಾವಣೆಗೆ ಸುರಿದದ್ದು ಹತ್ತಿರ ಹತ್ತಿರ 100 ಕೋಟಿ ಡಾಲರ್. ಬ್ರೆಜಿಲ್‌ನ ನೇಮಾರ್‌ಗಾಗಿ ಅಲ್ ಹಿಲಾಲ್ ಸುಮಾರು 9 ಕೋಟಿ ಯೂರೊ ಕೊಟ್ಟಿತು. ಅವರು ಗಾಯಗೊಂಡು, 7 ಪಂದ್ಯಗಳನ್ನಷ್ಟೇ ಆಡಿ, 2025ರ ಜನವರಿಯಲ್ಲಿ ಹೊರಟುಹೋದರು. ಅತ್ತ ಸೌದಿ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಇಟಲಿಯ ರೊಬೆರ್ಟೊ ಮಾನ್ಚಿನಿ, ತಮ್ಮ ಹುಡುಗರು ಕ್ಲಬ್ಬುಗಳಲ್ಲಿ ಬೆಂಚಿನ ಮೇಲೆ ಕೂತಿದ್ದಾರೆ, ಆಡಲು ಅವಕಾಶವೇ ಸಿಗುತ್ತಿಲ್ಲ ಎಂದು ಬಹಿರಂಗವಾಗಿ ದೂರಿದರು. ಅರ್ಜೆಂಟೀನಾವನ್ನು ಮಣಿಸಿದ ಪೀಳಿಗೆ ಬೆಳೆದದ್ದು ಆಡಿ ಆಡಿ. ಆ ಜಾಗವನ್ನೇ ತಾರೆಗಳಿಗೆ ಬಿಟ್ಟುಕೊಟ್ಟರೆ ಮುಂದಿನ ಪೀಳಿಗೆ ಬೆಳೆಯುವುದು ಎಲ್ಲಿ?

ಈ ದಾರಿಯಲ್ಲಿ ಮೊದಲು ನಡೆದು ಎಡವಿದ್ದು ಚೀನಾ. ಹತ್ತು ವರ್ಷಗಳ ಹಿಂದೆ ಚೀನಾದ ಸೂಪರ್ ಲೀಗ್ ಕೂಡ ಹೀಗೇ ಹಣ ಚೆಲ್ಲಿತ್ತು. ಆ ಹಣ ಬಂದದ್ದು ಹೆಚ್ಚಾಗಿ ಮನೆ, ನಿವೇಶನ ಮಾರುವ ಕಂಪನಿಗಳಿಂದ. 2020ರ ನವೆಂಬರ್‌ನಲ್ಲಿ ಲೀಗ್ ಗೆದ್ದ ಜಿಯಾಂಗ್ಸು ಕ್ಲಬ್ 2021ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಏಷ್ಯಾದ ಚಾಂಪಿಯನ್ ಆಗಿ ಮೆರೆದಿದ್ದ ಗುವಾಂಗ್‌ಝೌ ಕ್ಲಬ್ 2025ರ ಜನವರಿಯಲ್ಲಿ ವಿಸರ್ಜನೆಯಾಯಿತು. ಟಿಕೆಟ್ ಹಣ, ಪ್ರಸಾರದ ಹಕ್ಕು, ಅಂಗಿ ಮಾರಾಟದಿಂದ ಬದುಕಲು ಕಲಿಯದ ಕ್ಲಬ್ಬು ಪೋಷಕನ ಕೈ ಬಿಗಿಯಾದ ದಿನ ಸಾಯುತ್ತದೆ. ಸೌದಿಯ ಪೋಷಕನ ಕೈ ದೊಡ್ಡದು ಎಂಬುದಷ್ಟೇ ವ್ಯತ್ಯಾಸ. 2025ರಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ಅಲ್ ಹಿಲಾಲ್ 4–3ರಿಂದ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿದಾಗ ಹಣಕ್ಕೆ ಫಲ ಸಿಕ್ಕಿತೆಂದು ಹಲವರು ಬರೆದರು. ಮೈದಾನದಲ್ಲಿ ಅದು ನಿಜ. ಲೆಕ್ಕದ ಪುಸ್ತಕದಲ್ಲಿ ಅದು ಇನ್ನೂ ಸಾಬೀತಾಗಬೇಕು.

ಫುಟ್‌ಬಾಲ್ ಬಿಟ್ಟು ಉಳಿದವನ್ನು ಬೇಗ ಹೇಳಿ ಮುಗಿಸಬಹುದು. 2019ರ ಡಿಸೆಂಬರ್‌ನಲ್ಲಿ ಹೆವಿವೇಟ್ ಬಾಕ್ಸಿಂಗ್ ರಿಯಾದ್ ಬಳಿಯ ದಿರಿಯಾಕ್ಕೆ ಬಂತು, 2020ರಲ್ಲಿ ಡಕಾರ್ ರ‍್ಯಾಲಿ ಮರುಭೂಮಿಗೆ, 2021ರಲ್ಲಿ ಫಾರ್ಮುಲಾ ಒನ್ ಜೆದ್ದಾಕ್ಕೆ. 2022ರಲ್ಲಿ ಶುರುವಾದ ಲಿವ್ ಗಾಲ್ಫ್ ವಿಶ್ವದ ಗಾಲ್ಫನ್ನೇ ಎರಡು ಹೋಳು ಮಾಡಿತು. ವಿಡಿಯೊ ಗೇಮಿನ ಕಂಪನಿಗಳ ಮೇಲೂ ಕಣ್ಣು ಬಿದ್ದಿದೆ. 2023ರಲ್ಲಿ ಸ್ಕೋಪ್ಲಿ ಎಂಬ ಅಮೆರಿಕದ ಕಂಪನಿಯನ್ನು 490 ಕೋಟಿ ಡಾಲರ್‌ಗೆ ಕೊಂಡರು. ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕರಗುತ್ತದೆ ಎಂಬುದನ್ನು ಕಾಲವೇ ತೀರ್ಮಾನಿಸಬೇಕು.

ಆಟವನ್ನು ಆಮದು ಮಾಡಿಕೊಂಡರೂ ಅದು ಬೇರು ಬಿಡಬಲ್ಲದು ಎಂಬುದಕ್ಕೆ ಶಾರ್ಜಾ ಸಾಕ್ಷಿ. 1984ರಲ್ಲಿ ಅಬ್ದುಲ್ ರಹಮಾನ್ ಬುಖಾತಿರ್ ಎಂಬ ಉದ್ಯಮಿಯ ಹಟದಿಂದ ಅಲ್ಲಿ ಏಷ್ಯಾ ಕಪ್ ಕ್ರಿಕೆಟ್ ನಡೆದಾಗ ಗ್ಯಾಲರಿಯಲ್ಲಿ ಕೂಗು ಹಾಕಿದವರು ಅಲ್ಲಿ ದುಡಿಯಲು ಹೋದ ಭಾರತ, ಪಾಕಿಸ್ತಾನದ ಜನ. ನೋಡುಗರು ಮೊದಲೇ ಊರಲ್ಲಿದ್ದರು, ಆಟ ಅವರನ್ನು ಹುಡುಕಿಕೊಂಡು ಬಂತು. 2005ರಲ್ಲಿ ಐಸಿಸಿ ತನ್ನ ಕಚೇರಿಯನ್ನು ಲಂಡನ್‌ನಿಂದ ದುಬೈಗೆ ಒಯ್ದಿತು. 2020ರಲ್ಲಿ ಕೋವಿಡ್ ಕಾರಣಕ್ಕೆ ಇಡೀ ಐಪಿಎಲ್ ಯುಎಇಯಲ್ಲೇ ನಡೆಯಿತು. ಸೌದಿಯಲ್ಲಿ ಈಗ 25 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಸಂತೋಷ್ ಟ್ರೋಫಿ ರಿಯಾದ್‌ಗೆ, ಹರಾಜು ಜೆದ್ದಾಕ್ಕೆ ಹೋದುದರ ಹಿಂದಿನ ಲೆಕ್ಕ ಇದೇ ಇರಬೇಕು. ಲೀಗಿಗೆ ತಾರೆಗಳನ್ನು ಕೊಳ್ಳುವುದಕ್ಕಿಂತ ಇದು ಜಾಣತನದ ದಾರಿ ಎಂದೇ ನನಗನ್ನಿಸುತ್ತದೆ.

ಬಂಡೆಗಳ ನಡುವಿನ ಊರು

ಸಂಸ್ಕೃತಿಯ ಭಾಗಕ್ಕೆ ಬಂದರೆ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅಲ್ ಉಲಾ. ಮದೀನಾದಿಂದ ವಾಯವ್ಯಕ್ಕಿರುವ ಈ ಕಣಿವೆಯಲ್ಲಿ ಹೆಗ್ರಾ ಎಂಬ ಪ್ರಾಚೀನ ಪಟ್ಟಣವಿದೆ. ಜೋರ್ಡಾನಿನ ಪೆಟ್ರಾವನ್ನು ಕಟ್ಟಿದ ನಬಾತಿಯನ್ನರೇ ಇಲ್ಲಿ ಮರಳುಗಲ್ಲಿನ ಬೆಟ್ಟಗಳನ್ನು ಕೊರೆದು 111 ಭಾರಿ ಗೋರಿಗಳನ್ನು ಮಾಡಿದರು. ಅವುಗಳಲ್ಲಿ 94ರ ಮುಖದ ಮೇಲೆ ಕೆತ್ತನೆಯಿದೆ. ಹೆಗ್ರಾ 2008ರಲ್ಲಿ ಸೌದಿಯ ಮೊದಲ ವಿಶ್ವ ಪರಂಪರೆ ತಾಣವಾಯಿತು. ಆದರೂ ಆಗ ಅಲ್ಲಿಗೆ ಹೋಗುತ್ತಿದ್ದವರು ವಿರಳ. ಇಸ್ಲಾಂಪೂರ್ವ ಕಾಲದ ಆ ಜಾಗ ಶಾಪಗ್ರಸ್ತವೆಂಬ ನಂಬಿಕೆ ಒಂದು ಕಡೆ, ಪ್ರವಾಸಿಗರಿಗೆ ವೀಸಾ ಕೊಡುವ ವ್ಯವಸ್ಥೆಯೇ ಇಲ್ಲದ್ದು ಇನ್ನೊಂದು ಕಡೆ. 2017ರಲ್ಲಿ ಅಲ್ ಉಲಾಕ್ಕೆಂದೇ ರಾಜ ಆಯೋಗ ರಚನೆಯಾಯಿತು, ಮರುವರ್ಷ ಫ್ರಾನ್ಸ್ ಜೊತೆ ಒಪ್ಪಂದವಾಯಿತು, 2019ರ ಸೆಪ್ಟೆಂಬರ್‌ನಲ್ಲಿ 49 ದೇಶಗಳವರಿಗೆ ಇ–ವೀಸಾ ಸಿಗತೊಡಗಿತು. ಈಗ ಬಂಡೆಗಳ ನಡುವೆ ಕನ್ನಡಿ ಹೊದ್ದ ‘ಮರಾಯಾ’ ಸಭಾಂಗಣ ನಿಂತಿದೆ, ಚಳಿಗಾಲದಲ್ಲಿ ಸಂಗೀತೋತ್ಸವ ನಡೆಯುತ್ತದೆ.

ನನಗೆ ಕನ್ನಡಿಗಿಂತ ಮುಖ್ಯವಾಗಿ ಕಂಡದ್ದು ಅಲ್ಲಿನ ಹಳೆಯ ಹೆಣ್ಣುಮಕ್ಕಳ ಶಾಲೆಯ ಕಟ್ಟಡ. ಅದನ್ನೀಗ ಕಲೆ, ಕರಕುಶಲದ ಕೇಂದ್ರವಾಗಿ ಮಾಡಿದ್ದಾರೆ. ಊರಿನ ಹೆಂಗಸರು ಅಲ್ಲಿ ನೇಯ್ಗೆ, ಮಣ್ಣಿನ ಪಾತ್ರೆ, ಒಡವೆ ಮಾಡುವುದನ್ನು ಕಲಿತು ಮಾರುತ್ತಾರೆ. ಹೆಗ್ರಾದ ಗೋರಿಗಳ ಮುಂದೆ ಬಂದವರಿಗೆ ಕಥೆ ಹೇಳುವವರು ಅದೇ ನಾಡಿನ ಯುವಕ ಯುವತಿಯರು. ತಾರೆಯೊಬ್ಬ ಗುತ್ತಿಗೆ ಮುಗಿಸಿ ವಿಮಾನ ಹತ್ತಿದರೆ ಅವನ ಆಟವೂ ಹೋಗುತ್ತದೆ. ಆದರೆ ಪಾತ್ರೆ ತಿರುಗಿಸಲು ಕಲಿತ ಕೈ, ನಬಾತಿಯನ್ ಲಿಪಿ ಓದಲು ಕಲಿತ ಕಣ್ಣು ಊರಿನಲ್ಲೇ ಉಳಿಯುತ್ತವೆ. ಹೊಸ ಆದಾಯದ ಮೂಲ ಗಟ್ಟಿಯೋ ಅಲ್ಲವೋ ಎಂದು ಅಳೆಯಲು ನಾನು ನಂಬುವ ಅಳತೆ ಇದೊಂದೇ.

ಬಂಡೆಗಳ ನಡುವಿನ ಪರಂಪರೆ ಎಂದಾಗ ಕನ್ನಡಿಗರಿಗೆ ಹಂಪಿ ನೆನಪಾಗದೆ ಇರದು. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯಲ್ಲಿ, ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಸಾಲುಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು 2011ರಲ್ಲಿ ಕೆಡವಲಾಯಿತು. ಅವರಿಗೆ ಪುನರ್ವಸತಿ ಎಂದು ತೋರಿಸಿದ್ದು ಕಡ್ಡಿರಾಂಪುರವನ್ನು. ಸ್ಮಾರಕ ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನಂಬಿ ಬದುಕಿದವರನ್ನು ಕಾವಲುಗಾರರನ್ನಾಗಿ, ಪಾಲುದಾರರನ್ನಾಗಿ ಮಾಡಿಕೊಳ್ಳುವ ಬದಲು ಅತಿಕ್ರಮಣದವರೆಂದು ನೋಡಿದರೆ ಪ್ರವಾಸೋದ್ಯಮದ ಹಣ ಊರಿನ ಮೇಲಿಂದ ಹಾರಿಹೋಗುತ್ತದೆ. ಸೌದಿ ಈ ತಪ್ಪಿನಿಂದ ಹೊರತಲ್ಲ. ಅದರದು ಇನ್ನೂ ಕಠೋರ. ನಿಯೋಮ್ ಎಂಬ ಹೊಸ ನಗರಕ್ಕಾಗಿ ಹುವೈತಾತ್ ಬುಡಕಟ್ಟಿನವರನ್ನು ಎಬ್ಬಿಸಿದಾಗ, ಊರು ಬಿಡಲೊಲ್ಲೆ ಎಂದ ಒಬ್ಬರು 2020ರ ಏಪ್ರಿಲ್‌ನಲ್ಲಿ ಭದ್ರತಾ ಪಡೆಯ ಗುಂಡಿಗೆ ಬಲಿಯಾದರು.

ಸಂಸ್ಕೃತಿಯಿಂದ ದೇಶದ ಆದಾಯ ಹಿಗ್ಗಿಸಿದ ಇನ್ನೊಂದು ಮಾದರಿ ದಕ್ಷಿಣ ಕೊರಿಯಾ. 1994ರಲ್ಲಿ ಅಲ್ಲಿನ ಅಧ್ಯಕ್ಷರ ಮುಂದೆ ಒಂದು ವರದಿ ಬಂತು: ‘ಜುರಾಸಿಕ್ ಪಾರ್ಕ್’ ಎಂಬ ಒಂದೇ ಸಿನಿಮಾದ ಗಳಿಕೆ 15 ಲಕ್ಷ ಹುಂಡೈ ಕಾರುಗಳ ರಫ್ತಿಗೆ ಸಮ. 1999ರಲ್ಲಿ ಸಂಸ್ಕೃತಿ ಉದ್ಯಮಕ್ಕೆಂದೇ ಕಾನೂನು ಮಾಡಿದರು. ಅದಾಗಿ 21 ವರ್ಷದ ಬಳಿಕ, 2020ರಲ್ಲಿ, ‘ಪ್ಯಾರಾಸೈಟ್’ ಆಸ್ಕರ್‌ನ ಅತ್ಯುತ್ತಮ ಚಿತ್ರವಾಯಿತು. ನಡುವಿನ ಎರಡು ದಶಕ ಅವರು ತಾರೆಗಳನ್ನು ಹೊರಗಿನಿಂದ ಕೊಳ್ಳಲಿಲ್ಲ, ಬರೆಯುವವರನ್ನೂ ಹಾಡುವವರನ್ನೂ ಒಳಗೇ ಬೆಳೆಸಿದರು. ಹೊತ್ತಿಗೆ ಸರಿಯಾಗಿ ಸೇನಾಡಳಿತ ಮುಗಿದು ಸೆನ್ಸಾರ್ ಸಡಿಲಗೊಂಡದ್ದು ಅವರ ಭಾಗ್ಯ.

ಹಾಗಾದರೆ ಸೌದಿಯ ತಿರುವು ನಿಜವಾದದ್ದೇ? ಅಂಕಿಗಳು ಎರಡೂ ಕಡೆ ಮಾತಾಡುತ್ತವೆ. 2023ರಲ್ಲಿ ತೈಲೇತರ ಚಟುವಟಿಕೆಗಳು ದೇಶದ ಒಟ್ಟು ಉತ್ಪನ್ನದ ಶೇ 50ಕ್ಕೆ ಮುಟ್ಟಿದವು ಎಂದು ಸರ್ಕಾರ ಹೇಳಿತು. ಅದೇ ವರ್ಷ ಒಳಗಿನ, ಹೊರಗಿನ ಪ್ರವಾಸಿಗರ ಭೇಟಿ 10 ಕೋಟಿ ದಾಟಿತು, 2030ರ ಗುರಿ ಏಳು ವರ್ಷ ಮೊದಲೇ ಈಡೇರಿ ಈಗ 15 ಕೋಟಿ ಎನ್ನುತ್ತಿದ್ದಾರೆ. ಯಾತ್ರಿಕರೂ ಈ ಲೆಕ್ಕದಲ್ಲಿದ್ದಾರೆ ಎಂಬುದು ನೆನಪಿರಲಿ. ಇನ್ನೊಂದು ಕಡೆ, 2024ರಲ್ಲೂ ಸರ್ಕಾರದ ಆದಾಯದಲ್ಲಿ ಸುಮಾರು ಶೇ 60 ಬಂದದ್ದು ತೈಲದಿಂದಲೇ. ಕ್ರೀಡಾಂಗಣ ಕಟ್ಟುವ ಕಂಟ್ರಾಕ್ಟರ್, ಹಾಡುವವನ ಸಂಭಾವನೆ, ಕ್ಲಬ್ಬಿನ ಸಂಬಳ ಇವೆಲ್ಲ ‘ತೈಲೇತರ’ ಎಂದು ಲೆಕ್ಕಕ್ಕೆ ಬಿದ್ದರೂ ಆ ಹಣ ಹೊರಟದ್ದು ತೈಲದ ಬಾವಿಯಿಂದ. ಬೆಲೆ ಮತ್ತೆ ಕುಸಿದರೆ ಮೊದಲು ನಿಲ್ಲುವುದು ಇವೇ. ಸರ್ಕಾರ 2018ರಲ್ಲಿ ಶೇ 5ರಷ್ಟಿದ್ದ ಮೌಲ್ಯವರ್ಧಿತ ತೆರಿಗೆಯನ್ನು 2020ರಲ್ಲಿ ಶೇ 15ಕ್ಕೆ ಏರಿಸಿದ್ದು ಆ ಭಯದಿಂದಲೇ. ನನ್ನ ತೀರ್ಮಾನ ಇಷ್ಟು: ಚಿತ್ರಮಂದಿರ, ಹೆಣ್ಣುಮಕ್ಕಳ ಕೆಲಸ, ಊರಿನ ಕಸುಬು, ದೇಶದೊಳಗಿನ ಪ್ರವಾಸ ಇವು ತಮ್ಮ ಕಾಲ ಮೇಲೆ ನಿಲ್ಲತೊಡಗಿವೆ, ತಾರೆಗಳ ಖರೀದಿ, ಗಾಲ್ಫ್ ಲೀಗು ಇನ್ನೂ ತೈಲದ ಹೆಗಲ ಮೇಲೆಯೇ ಕೂತಿವೆ.

ಲೆಕ್ಕಕ್ಕೆ ಸಿಗದ ಕೈಗಳು

ಈ ಹೊಸ ಆರ್ಥಿಕತೆಯ ಕಟ್ಟಡಗಳನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಕತಾರ್‌ನಲ್ಲಿ ಎದ್ದಿತ್ತು. 2010ರಲ್ಲಿ ವಿಶ್ವಕಪ್ ಸಿಕ್ಕಿದ ಮೇಲೆ ಆ ಪುಟ್ಟ ದೇಶ 20,000 ಕೋಟಿ ಡಾಲರ್‌ಗೂ ಮಿಕ್ಕಿ ಖರ್ಚು ಮಾಡಿ ಮೆಟ್ರೊ, ರಸ್ತೆ, ಹೊಸ ಊರು, ಕ್ರೀಡಾಂಗಣ ಕಟ್ಟಿತು. ಮೆಟ್ರೊ ಇಂದಿಗೂ ದಿನವೂ ಜನರನ್ನು ಹೊತ್ತೊಯ್ಯುತ್ತಿದೆ. ಕಟ್ಟಿದವರ ಗತಿ? ಆ ಹತ್ತು ವರ್ಷಗಳಲ್ಲಿ ಭಾರತ ಸೇರಿ ದಕ್ಷಿಣ ಏಷ್ಯಾದ ಐದು ದೇಶಗಳ 6,500ಕ್ಕೂ ಹೆಚ್ಚು ವಲಸಿಗರು ಕತಾರ್‌ನಲ್ಲಿ ಸತ್ತಿದ್ದಾರೆ ಎಂದು ಬ್ರಿಟನ್‌ನ ‘ಗಾರ್ಡಿಯನ್’ 2021ರಲ್ಲಿ ವರದಿ ಮಾಡಿತು. ಎಲ್ಲ ಸಾವುಗಳೂ ಕ್ರೀಡಾಂಗಣದ ಕೆಲಸದವಲ್ಲ. ಆದರೆ ಎಷ್ಟೋ ಸಾವುಗಳಿಗೆ ಸರಿಯಾದ ಮರಣೋತ್ತರ ಪರೀಕ್ಷೆಯೂ ನಡೆಯದೆ ‘ಸಹಜ ಸಾವು’ ಎಂದು ಬರೆದು ಕಳಿಸಿದ್ದರು. ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ ಸತ್ತವರು 400ರಿಂದ 500 ಇರಬಹುದೆಂದು ಸಂಘಟನೆಯ ಮುಖ್ಯಸ್ಥರೇ 2022ರಲ್ಲಿ ಒಪ್ಪಿಕೊಂಡರು. ಜಗತ್ತಿನ ಕಣ್ಣು ಬಿದ್ದ ಕಾರಣಕ್ಕೆ ಕೆಲವು ಸುಧಾರಣೆಗಳೂ ಬಂದವು: ತಿಂಗಳಿಗೆ ಕನಿಷ್ಠ 1,000 ರಿಯಾಲ್ ಕೂಲಿ, ಮಾಲೀಕರ ಅನುಮತಿ ಇಲ್ಲದೆ ಕೆಲಸ ಬದಲಿಸುವ ಹಕ್ಕು, ಬೇಸಿಗೆಯ ಬಿರುಬಿಸಿಲಿನ ಹೊತ್ತಲ್ಲಿ ಹೊರಗಿನ ಕೆಲಸಕ್ಕೆ ತಡೆ.

2024ರ ಡಿಸೆಂಬರ್ 11ರಂದು ಫಿಫಾ 2034ರ ವಿಶ್ವಕಪ್ಪನ್ನು ಸೌದಿಗೆ ಕೊಟ್ಟಿತು. ಪೈಪೋಟಿಗೆ ಬೇರೆ ದೇಶವೇ ಇರಲಿಲ್ಲ. ಐದು ನಗರಗಳಲ್ಲಿ 15 ಕ್ರೀಡಾಂಗಣಗಳ ಯೋಜನೆಯಿದೆ. ಅದಕ್ಕೆ ಮೊದಲು 2027ರ ಏಷ್ಯಾ ಕಪ್ ಫುಟ್‌ಬಾಲ್, 2030ರ ರಿಯಾದ್ ಎಕ್ಸ್‌ಪೊ ಇವೆ. ಕಂಬಿ ಕಟ್ಟುವವರು, ಕಾಂಕ್ರೀಟ್ ಹಾಕುವವರು, ವೈರಿಂಗ್ ಮಾಡುವವರು, ಅಡುಗೆಯವರು, ಡ್ರೈವರುಗಳು ಲಕ್ಷಗಟ್ಟಲೆ ಬೇಕು. ಅವರಲ್ಲಿ ನಮ್ಮ ಕರಾವಳಿಯವರೂ ಕಲ್ಯಾಣ ಕರ್ನಾಟಕದವರೂ ಇದ್ದೇ ಇರುತ್ತಾರೆ.

ಹೊರಡುವವರಿಗೆ, ಹೊರಡಿಸುವ ಮನೆಯವರಿಗೆ ಕೆಲವು ಮಾತು. ಹತ್ತನೇ ತರಗತಿ ಪಾಸಾಗದವರು ಸೌದಿಗೆ ಕೆಲಸಕ್ಕೆ ಹೋಗಲು ಕೇಂದ್ರ ಸರ್ಕಾರದ ವಲಸೆ ಅನುಮತಿ ಕಡ್ಡಾಯ; ಆ ಅನುಮತಿ ಸಿಗುವುದು ಇ–ಮೈಗ್ರೇಟ್ ವ್ಯವಸ್ಥೆಯ ಮೂಲಕ. ಅಲ್ಲಿ ನೋಂದಣಿಯಾಗದ ಏಜೆಂಟರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ. ಭೇಟಿಯ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕಿಕೊಳ್ಳಿ ಎನ್ನುವವರನ್ನು ನಂಬಬೇಡಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಕೆಲವೇ ನೂರು ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ವಿಮೆ ಸಿಗುತ್ತದೆ. ಅದರ ಕಾಗದದ ಒಂದು ಪ್ರತಿ, ಕೆಲಸದ ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ. ಕೇರಳ ತನ್ನ ವಲಸಿಗರಿಗಾಗಿ 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು. ಮಂಗಳೂರಿನಲ್ಲೂ ಕಲಬುರಗಿಯಲ್ಲೂ ಅಂಥ ಪೂರ್ಣಾವಧಿ ಕಚೇರಿ ತೆರೆದು, ಕರಾರುಗಳನ್ನು ಕನ್ನಡದಲ್ಲಿ ಓದಿ ಹೇಳುವ, ಸಂಬಳ ಬಾರದವರ ದೂರು ಹಿಡಿದು ರಿಯಾದ್‌ನ ರಾಯಭಾರ ಕಚೇರಿಯ ಬಾಗಿಲು ತಟ್ಟುವ ಕೆಲಸವನ್ನು ಕರ್ನಾಟಕ ಸರ್ಕಾರ ಕೈಗೆತ್ತಿಕೊಳ್ಳಬೇಕು. ಇದಕ್ಕೆ 2034ರವರೆಗೆ ಸಮಯವಿದೆ ಎಂದು ಯಾರೂ ತಿಳಿಯಬಾರದು. ಕ್ರೀಡಾಂಗಣಗಳ ಕೆಲಸ ಈಗಾಗಲೇ ಶುರುವಾಗಿದೆ.